ಮನೆ ಲ್ಯಾಬ್‌ನ ಗಾಜಿನ ಸಾಮಾನು: ಕೆಲವು ವರ್ಷ ಬಳಸಿದ ಮೇಲೆ ಅನಿಸಿದ್ದು

ಕೆಮಿಸ್ಟ್ರಿ ಕಲಿಯೋಕೆ ಮನೆಯಲ್ಲೊಂದು ಸಣ್ಣ ಲ್ಯಾಬ್ ಮಾಡಬೇಕು ಅಂತಿದ್ದೀರಾ? ಹಾಗಾದರೆ ಆನ್‌ಲೈನ್‌ನಲ್ಲಿ ಸಿಗುವ ದೊಡ್ಡ ಕಿಟ್ ಬೇಡ. ಬಿಡಿಬಿಡಿಯಾಗಿ ಕೊಳ್ಳಿ. ಕಡಿಮೆ ಕೊಳ್ಳಿ, ಆದರೆ ಅಳತೆ ಮಾಡುವ ಸಾಮಾನಿಗೆ ಜಾಸ್ತಿ ದುಡ್ಡು ಇಡಿ. ನಾನೂ ಹೈಸ್ಕೂಲ್ ಓದುವ ಮಗಳೂ ಕೆಲವು ವರ್ಷಗಳಿಂದ ಬಳಸುತ್ತಿರುವುದರ ಮೇಲೆ ಇದನ್ನು ಹೇಳುತ್ತಿದ್ದೇನೆ.

ಮೊದಲು ಬೀಕರ್. ನಮ್ಮ ಹತ್ತಿರ ಇರುವುದು ಬೊರೊಸಿಲ್‌ನ 100 ಮತ್ತು 250 ಮಿಲಿಯವು, ಜೊತೆಗೆ 250 ಮಿಲಿಯ ಕೋನಿಕಲ್ ಫ್ಲಾಸ್ಕ್. ಎಷ್ಟು ಸಲ ಕುದಿಸಿದರೂ ಏನೂ ಆಗಿಲ್ಲ. ಕೊಳ್ಳುವಾಗ ಬೊರೊಸಿಲಿಕೇಟ್ 3.3 ಅಂತ ಬರೆದಿದೆಯಾ ನೋಡಿ. ಆ 3.3 ಗಾಜು ಬಿಸಿಗೆ ಎಷ್ಟು ಹಿಗ್ಗುತ್ತದೆ ಅನ್ನುವ ಲೆಕ್ಕ: ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ 3.3 ಪಾಲು. ಮಾಮೂಲಿ ಗಾಜು ಸುಮಾರು 9 ಪಾಲು ಹಿಗ್ಗುತ್ತದೆ, ಅದಕ್ಕೇ ಒಂದು ಕಡೆ ಬಿಸಿ ಒಂದು ಕಡೆ ತಣ್ಣಗಿದ್ದರೆ ಟಪ್ ಅಂತ ಸೀಳುತ್ತದೆ. ನಮಗೆ ಯಾರೋ ಉಡುಗೊರೆ ಕೊಟ್ಟ ಕಿಟ್‌ನ ಬೀಕರ್ ಹಾಗೇ ಹಾಟ್‌ಪ್ಲೇಟ್ ಮೇಲೆ ತಳ ಬಿಟ್ಟಿತು. ಅದರ ಮೇಲೆ ಯಾವ ಗಾಜು ಅಂತ ಎಲ್ಲೂ ಬರೆದೇ ಇರಲಿಲ್ಲ. ಬೊರೊಸಿಲಿಕೇಟ್ ಆದರೂ ಬಿಸಿ ಬೀಕರನ್ನು ಒದ್ದೆ ಗ್ರಾನೈಟ್ ಕಟ್ಟೆ ಮೇಲೆ ಇಡಬೇಡಿ, ಸ್ಟೀಲ್ ನಾರಿನಿಂದ ಉಜ್ಜಬೇಡಿ. ಒಡಕು ಶುರುವಾಗೋದೇ ಗೀರಿನಿಂದ.

ಬೀಕರ್ ಮೇಲಿನ ಗೆರೆಗಳನ್ನು ಮಾತ್ರ ನಂಬಬೇಡಿ. ಅವು ಸಾಮಾನ್ಯವಾಗಿ ಶೇ 5ರಷ್ಟು ಆಚೀಚೆ ಇರುತ್ತವೆ. ಅಳತೆಗೆ ಬೇಕಾದದ್ದು ಮೆಷರಿಂಗ್ ಸಿಲಿಂಡರ್, 10 ಮಿಲಿ ಪಿಪೆಟ್ (ದ್ರವ ಹೀರಿ ಅಳೆಯುವ ಕೊಳವೆ), 50 ಮಿಲಿ ಬ್ಯೂರೆಟ್ (ಗೆರೆ ಹಾಕಿದ ಉದ್ದ ಕೊಳವೆ, ಕೆಳಗೆ ಹನಿಹನಿಯಾಗಿ ಬಿಡೋಕೆ ಕಾಕ್ ಅಂದರೆ ತಿರುಗಿಸುವ ನಲ್ಲಿ ಇರುತ್ತದೆ). ನಮ್ಮ ಲ್ಯಾಬ್‌ನಲ್ಲಿ ನಾನು ತುಂಬಾ ಮೆಚ್ಚಿದ ಸಾಮಾನು ಈ ಬ್ಯೂರೆಟ್. ನಿಖರತೆಯ ದರ್ಜೆ ಕ್ಲಾಸ್ ಎ ಆದರೆ ತಪ್ಪು 0.05 ಮಿಲಿಯೊಳಗೆ, ಕ್ಲಾಸ್ ಬಿ ಆದರೆ 0.1 ಮಿಲಿಯೊಳಗೆ. ಕಲಿಯುವವರಿಗೆ ಬಿ ಧಾರಾಳ ಸಾಕು. ಉಳಿದ ದುಡ್ಡಲ್ಲಿ ಟೆಫ್ಲಾನ್ ಕಾಕ್ ಇರುವುದನ್ನು ತಗೊಳ್ಳಿ. ಗಾಜಿನ ಕಾಕ್‌ಗೆ ಗ್ರೀಸ್ ಹಚ್ಚುತ್ತಲೇ ಇರಬೇಕು, ಕಾಸ್ಟಿಕ್ ಸೋಡಾ ದ್ರಾವಣ ಅದರಲ್ಲಿ ನಿಂತರೆ ಕಚ್ಚಿಕೊಂಡು ತಿರುಗೋದೇ ಇಲ್ಲ.

ಇದರಿಂದ ಏನು ಮಾಡಿದಿರಿ ಅಂತ ಕೇಳಬಹುದು. ಬಾಟಲಿ ಮೇಲೆ ಬರೆದಷ್ಟು ಆಮ್ಲ ವಿನೆಗರ್‌ನಲ್ಲಿ ಇದೆಯಾ ಅಂತ ನೋಡಿದೆವು. ಆಮೇಲೆ ಬೋರ್‌ವೆಲ್ ನೀರು ಎಷ್ಟು ಗಡುಸು ಅಂತ ಇಡಿಟಿಎ (ಗಡುಸುತನದ ಕ್ಯಾಲ್ಸಿಯಂ, ಮೆಗ್ನೀಷಿಯಂ ಹಿಡಿದುಕೊಳ್ಳುವ ರಾಸಾಯನಿಕ) ಹಾಕಿ ಅಳೆದೆವು. ನೀರಿಗೆ ಹಾಕಿದ ಸೂಚಕದ ಕೆಂಪು ಬಣ್ಣ ನೀಲಿಗೆ ತಿರುಗುವ ಆ ಒಂದು ಹನಿಗಾಗಿ ಮಗಳು ಉಸಿರು ಬಿಗಿಹಿಡಿದು ಕಾಯುತ್ತಾಳೆ. ಒಳ್ಳೆ ಕಾಕ್ ಇಲ್ಲದಿದ್ದರೆ ಆ ಹನಿಯನ್ನು ಹಿಡಿಯೋಕೇ ಆಗಲ್ಲ.

ತಕ್ಕಡಿಗೆ 0.01 ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ಸಾಕು, ಚಿನ್ನ ತೂಗೋಕೆ ಅಂತ ಮಾರುತ್ತಾರಲ್ಲ ಅದು. ಕ್ಯಾಲಿಬ್ರೇಷನ್ ತೂಕದ ಬಟ್ಟೂ ಜೊತೆಗೆ ತಗೊಳ್ಳಿ. ತೂಗುವಾಗ ಫ್ಯಾನ್ ಆಫ್ ಮಾಡಿ, ಇಲ್ಲದಿದ್ದರೆ ಅಂಕಿ ಓಡಾಡುತ್ತಲೇ ಇರುತ್ತದೆ.

ಬಿಸಿ ಮಾಡೋಕೆ ಎಲೆಕ್ಟ್ರಿಕ್ ಹಾಟ್‌ಪ್ಲೇಟ್ ಒಳ್ಳೆಯದು. ಇಂಡಕ್ಷನ್ ಒಲೆ ಗಾಜನ್ನು ಕಾಯಿಸಲ್ಲ. ಸ್ಪಿರಿಟ್ ಲ್ಯಾಂಪ್ ಇಟ್ಟುಕೊಂಡರೆ ಉರಿಯುತ್ತಿರುವಾಗ ಸ್ಪಿರಿಟ್ ತುಂಬಿಸಬೇಡಿ, ಬೀಕರ್ ಕೆಳಗಿಡುವ ಜಾಲರಿ ಸೆರಾಮಿಕ್‌ದೇ ಇರಲಿ, ಹಳೇ ಕಲ್ನಾರಿನದು ಬೇಡವೇ ಬೇಡ. ಕನ್ನಡಕ ಅಂದರೆ ಕಣ್ಣಿನ ಸುತ್ತ ಪೂರ್ತಿ ಮುಚ್ಚುವ ಸ್ಪ್ಲ್ಯಾಶ್ ಗಾಗಲ್. ಪಕ್ಕದಲ್ಲಿ ನೇರ ತೂತುಗಳಿರುವ ಅಗ್ಗದ್ದರಲ್ಲಿ ಚಿಮ್ಮಿದ ಹನಿ ಸೀದಾ ಒಳಗೆ ಹೋಗುತ್ತದೆ. ಇಲ್ಲಿ ಉಳಿತಾಯ ಮಾಡಬೇಡಿ, ದಯವಿಟ್ಟು.

ಡಿಸ್ಟಿಲೇಷನ್ ಸೆಟ್ (ದ್ರವವನ್ನು ಆವಿ ಮಾಡಿ ಮತ್ತೆ ತಣಿಸಿ ಹಿಡಿಯುವ ಸಾಮಾನು) ನೋಡೋಕೆ ಚೆಂದ, ಆದರೆ ಮೊದಲ ವರ್ಷ ಬೇಕಾಗಲ್ಲ. ಮುಂದೆ ಕೊಂಡರೂ ಎಲ್ಲ ಜಾಯಿಂಟ್ ಒಂದೇ ಅಳತೆಯವು ಇರಲಿ, 19/26 ಅಥವಾ 24/29 (ಮೊದಲ ಅಂಕಿ ಜಾಯಿಂಟ್‌ನ ಅಗಲ, ಎರಡನೆಯದು ಉದ್ದ, ಮಿಲಿಮೀಟರ್‌ನಲ್ಲಿ). ಬೆರೆಸಿದರೆ ಒಂದಕ್ಕೊಂದು ಕೂರಲ್ಲ.

ಗಟ್ಟಿ ಆಸಿಡ್ ಹುಡುಕಿಕೊಂಡು ಹೋಗಬೇಡಿ. 2013ರಲ್ಲಿ ಸುಪ್ರೀಂ ಕೋರ್ಟ್ ಅದರ ಬಿಡಿ ಮಾರಾಟಕ್ಕೆ ಕಟ್ಟುನಿಟ್ಟು ಹಾಕಿದೆ, ಅದು ಸರಿಯೂ ಹೌದು. ಸಿಟ್ರಿಕ್ ಆಸಿಡ್, ಸುಣ್ಣ, ಅರಿಶಿನ, ದಾಸವಾಳದ ರಸ ಇಟ್ಟುಕೊಂಡೇ ತಿಂಗಳುಗಟ್ಟಲೆ ಕೆಲಸ ಮಾಡಬಹುದು. ಮಲೆನಾಡಿನಲ್ಲಿ ಅಡಿಕೆಯ ಕೊಳೆರೋಗಕ್ಕೆ ಸುಣ್ಣದ ಜೊತೆ ಬೆರೆಸಿ ಹೊಡೆಯುವ ಮೈಲುತುತ್ತ (ಕಾಪರ್ ಸಲ್ಫೇಟ್) ಗೊಬ್ಬರದ ಅಂಗಡಿಯಲ್ಲೇ ಸಿಗುತ್ತದೆ. ಬಿಸಿ ನೀರಲ್ಲಿ ಅದು ತಣ್ಣೀರಿಗಿಂತ ಮೂರು ಪಟ್ಟಿಗೂ ಜಾಸ್ತಿ ಕರಗುತ್ತದೆ, ಆರಲು ಬಿಟ್ಟರೆ ಕಡು ನೀಲಿ ಹರಳು ಬರುತ್ತದೆ. ಆದರೆ ಅದು ವಿಷ. ಅಡುಗೆ ಪಾತ್ರೆ ಹತ್ತಿರ ತರಬೇಡಿ, ಉಳಿದ ದ್ರಾವಣ ಚರಂಡಿಗೆ ಚೆಲ್ಲಬೇಡಿ. ನಾವು ಅದನ್ನು ಬಾಟಲಿಯಲ್ಲಿಟ್ಟು ಮತ್ತೆ ಹರಳಿಗೇ ಬಳಸುತ್ತೇವೆ.

ತೊಳೆಯುವ ವಿಷಯ. ಬೋರ್‌ವೆಲ್ ನೀರು ಒಣಗಿದರೆ ಗಾಜಿನ ಮೇಲೆ ಬಿಳಿ ಪೊರೆ ಕೂರುತ್ತದೆ. ವಿನೆಗರ್ ಸವರಿದರೆ ಹೋಗುತ್ತದೆ, ಕೊನೆಗೆ ಡಿಸ್ಟಿಲ್ಡ್ ವಾಟರ್‌ನಲ್ಲಿ ಜಾಲಿಸಿ. ಬ್ಯೂರೆಟ್ ಅನ್ನು ಕಾಕ್ ತೆರೆದು, ತಲೆಕೆಳಗಾಗಿ ಸ್ಟ್ಯಾಂಡ್‌ಗೆ ಸಿಕ್ಕಿಸಿ ಒಣಗಲು ಬಿಡಿ.