ವಂಶಾವಳಿ ಹುಡುಕಿ ಕೊಡ್ತೀವಿ ಅಂತ ಬರೋರ ಕೈಗೆ ಮನೆಯ ಹಳೇ ಕಡತ ಕೊಡಬೇಡಿ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರು, ಅದ್ರಲ್ಲೂ ಶರಾವತಿ ಮುಳುಗಡೆಯಲ್ಲಿ ಊರು ಬಿಟ್ಟು ಬಂದ ಮನೆಯವರು ಇದನ್ನ ದಯವಿಟ್ಟು ಪೂರ್ತಿ ಓದಿ, ಮನೇಲಿ ವಯಸ್ಸಾದವರು ಇದ್ರೆ ಅವರಿಗೂ ಓದಿ ಹೇಳಿ. "ನಿಮ್ಮ ವಂಶಾವಳಿ ತೆಗೆಸ್ತೀವಿ, ಹಳೇ ಪಹಣಿ, ಸರ್ವೆ ನಕ್ಷೆ ಎಲ್ಲಾ ಹಿಡಿದು ಮೂಲಸ್ಥಾನ ತೋರಿಸ್ತೀವಿ" ಅಂತ ಹೇಳ್ಕೊಂಡು ಜನ ಮನೆ ಬಾಗಿಲಿಗೇ ಬರ್ತಿದ್ದಾರೆ. ನಮ್ಮ ಮನೆಗೆ ಬಂದವನ ಹೆಸರು ಇಲ್ಲಿ ಹಾಕಲ್ಲ, ದೂರು ಕೊಟ್ಟಿದೀವಿ, ಅದು ಅದರ ಪಾಡಿಗೆ ನಡೀಲಿ. ಅವನು ಮಾಡಿದ್ದು ಏನು, ಹೆಂಗೆ ಸಿಕ್ಕಿಬಿದ್ದ ಅನ್ನೋದು ಮಾತ್ರ ಬರೀತೀನಿ, ಯಾಕಂದ್ರೆ ಇನ್ನೊಂದು ಮನೇಲಿ ಇದೇ ಆಗಬಾರದು.

ನಮ್ಮ ಅಜ್ಜನ ಮನೆ ಇದ್ದಿದ್ದು ಕರೂರು ಹೋಬಳಿ ಕಡೆ. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ (1964ಕ್ಕೆ ಮುಗೀತಲ್ಲ ಅದು) ತೋಟ ಗದ್ದೆ ಮನೆ ನಾಗರ ಬನ ಎಲ್ಲಾ ನೀರಿಗೆ ಹೋಯ್ತು, ಲಾರಿಯಲ್ಲಿ ಪಾತ್ರೆ ಪಡಗ, ದನ ಕರು ತುಂಬ್ಕೊಂಡು ಆಯನೂರು ಕಡೆ ಬಂದು ಬಿದ್ದವರು ನಮ್ಮವರು. ಆಗ ಜೊತೆಗೆ ತಂದ ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿ ಎರಡು ಕಡತ (ಕಪ್ಪು ಬಟ್ಟೆಯ ಮೇಲೆ ಬರೆದ ಹಳೇ ಲೆಕ್ಕದ ಪುಸ್ತಕ) ಇದ್ವು. ದೊಡ್ಡಪ್ಪನಿಗೆ ವಯಸ್ಸಾಯ್ತು, ಅವರಿಗೆ ಸಾಯೋದ್ರೊಳಗೆ ಮೂಲ ಯಾವುದು, ಅಜ್ಜನ ಅಜ್ಜ ಯಾರು ಅಂತ ಗೊತ್ತಾಗಬೇಕು, ನಾಗನಿಗೆ ಎಲ್ಲಿ ತನು (ಹಾಲು) ಎರೀಬೇಕು ಅಂತ ಗೊತ್ತಾಗಬೇಕು ಅನ್ನೋ ಆಸೆ. ಇಂಥ ಆಸೆ ಇರೋ ಮನೆಯನ್ನೇ ಹುಡುಕ್ಕೊಂಡು ಬರ್ತಾರೆ ಇವರು.

ಅವನು ಕೇಳಿದ್ದು ಮುಂಗಡ ದುಡ್ಡು ಮತ್ತೆ "ಒರಿಜಿನಲ್ ಇದ್ರೇನೇ ಕಚೇರಿಯಲ್ಲಿ ತಗೊಳ್ಳೋದು" ಅಂತ ಆ ಎರಡೂ ಕಡತ. ಇದು ಶುದ್ಧ ಸುಳ್ಳು. ಹಳೇ ಭೂದಾಖಲೆಯ ನಕಲು ತೆಗೆಸೋಕೆ ತಾಲೂಕು ಕಚೇರಿ ರೆಕಾರ್ಡ್ ರೂಮಿಗೆ ಅರ್ಜಿ ಸಾಕು, ಊರು, ಹೋಬಳಿ, ಸರ್ವೆ ನಂಬರ್ ಬರೆದ್ರೆ ಆಯ್ತು, ನಿಮ್ಮ ಮನೆಯ ಕಡತ ಅಲ್ಲಿ ಯಾರಿಗೂ ಬೇಕಾಗಿಲ್ಲ.

ಈಗಿನ ಹುಡುಗರಿಗೆ ಕಡತ ಅಂದ್ರೆ ಗೊತ್ತಿರಲ್ಲ. ಬಟ್ಟೆಗೆ ಹುಣಸೆಬೀಜದ ಅಂಟು ಇದ್ದಿಲ ಮಸಿ ಬಳಿದು ಹಲಗೆ ತರ ಗಟ್ಟಿ ಮಾಡಿ, ಬಳಪದಲ್ಲಿ ಬರೆದು, ಮಡಚಿ ಮಡಚಿ ಇಡೋದು. ಬಳಪದ ಬರಹ ಅದು, ಒರೆಸಿದ್ರೆ ಹೋಗುತ್ತೆ. ಇವನು ಕಡತ ವಾಪಸ್ ತಂದಾಗ ಒಂದರಲ್ಲಿ ಮಧ್ಯದ ಮಡಿಕೆಗಳೆಲ್ಲ ಕಪ್ಪಗೆ ಫಳಫಳ ಅಂತಿದ್ವು, ಒಂದಕ್ಷರ ಇಲ್ಲ! ಕೇಳಿದ್ರೆ "ಧೂಳಿತ್ತು, ಫೋಟೋ ಚೆನ್ನಾಗಿ ಬರಲಿ ಅಂತ ಒದ್ದೆ ಬಟ್ಟೆಯಲ್ಲಿ ಒರೆಸಿದೆ" ಅಂದ. ಹೋಗ್ಲಿ ಒರೆಸೋ ಮುಂಚಿನ ಫೋಟೋ ಕೊಡಪ್ಪ ಅಂದ್ರೆ ಅದೂ ಇಲ್ಲ. ಮಡಿಕೆಯ ಸಂದಿಯಲ್ಲಿ ಬಟ್ಟೆ ತಾಗದ ಜಾಗದಲ್ಲಿ "ಖಂಡುಗ" (ಭತ್ತದ ಹಳೇ ಅಳತೆ) ಅಂತ ಒಂದು ಕಡೆ, "ಪ್ಪ ಬಿನ್" (ಬಿನ್ ಅಂದ್ರೆ ಇಂಥವರ ಮಗ) ಅಂತ ಒಂದು ಕಡೆ ಉಳಿದಿದೆ ಅಷ್ಟೇ. ಯಾವ ಪ್ಪ, ಯಾರ ಮಗ ಅನ್ನೋದು ಹೋಯ್ತು. ದುಡ್ಡು ಹೋಗಿದ್ದಕ್ಕೆ ನಮಗೆ ಇಷ್ಟು ಸಂಕಟ ಆಗ್ಲಿಲ್ಲ, ದೊಡ್ಡಪ್ಪ ಅವತ್ತು ಊಟ ಮಾಡ್ಲಿಲ್ಲ.

ಇನ್ನು ಅವನು ಕೊಟ್ಟ ವಂಶಾವಳಿ. ದಪ್ಪ ಹಾಳೆಯಲ್ಲಿ ಕಲರ್ ಪ್ರಿಂಟ್, ಜೊತೆಗೆ ಹಳದಿ ಬಣ್ಣದ ಒಂದಷ್ಟು "ಹಳೇ ದಾಖಲೆ". ನನ್ನ ತಂಗಿ ಕಂದಾಯದ ಕಾಗದ ಓದಿ ಅಭ್ಯಾಸ ಇರೋಳು, ಅವಳು ಕೂತು ಒಂದೊಂದಾಗಿ ನೋಡಿದಳು. ಮೊದಲನೇದ್ರಲ್ಲಿ 1781ರಲ್ಲಿ ಕೆಳದಿ ಅರಸರು ನಮ್ಮ ಮೂಲಪುರುಷನಿಗೆ ಉಂಬಳಿ (ಇನಾಮು ಜಮೀನು) ಕೊಟ್ಟರು ಅಂತಿದೆ. ಹೈದರಾಲಿ ಅವರ ರಾಜಧಾನಿ ಬಿದನೂರು ಹಿಡಿದಿದ್ದೇ 1763ರಲ್ಲಿ, ಆಮೇಲೆ ಉಂಬಳಿ ಕೊಡೋಕೆ ಕೆಳದಿ ಅರಸರು ಎಲ್ಲಿಂದ ಬರ್ತಾರೆ? ಎರಡನೇದು 1848ರ ಜಮೀನು ಕಾಗದ, ಅದ್ರಲ್ಲಿ ಸರ್ವೆ ನಂಬರ್ ಇದೆ, ಮೇಲೆ "ಶಿವಮೊಗ್ಗ ಜಿಲ್ಲೆ" ಅಂತಲೂ ಇದೆ. ಮೈಸೂರು ಸಂಸ್ಥಾನದಲ್ಲಿ ಕಂದಾಯ ಸರ್ವೆ ಶುರುವಾಗಿದ್ದು 1863ರಲ್ಲಿ, ಈ ನಂಬರುಗಳೆಲ್ಲ ಹುಟ್ಟಿದ್ದು ಆಮೇಲೆ, ಮತ್ತೆ 1848ರಲ್ಲಿ ಈ ಸೀಮೆ ಇದ್ದಿದ್ದು "ನಗರ" ಅನ್ನೋ ಹೆಸರಿನ ಡಿವಿಜನ್ನಿನಲ್ಲಿ, ಶಿವಮೊಗ್ಗ ಜಿಲ್ಲೆ ಅಂತ ಆಗ ಇರಲಿಲ್ಲ. ಮೂರನೇದು ನೋಡಿ ಅವಳು ಕಾಗದ ಕೆಳಗಿಟ್ಟಳು. 1931ರ ಕಂದಾಯ ರಸೀದಿ, ಮೊತ್ತ 14 ರೂಪಾಯಿ 75 ಪೈಸೆ. ರೂಪಾಯಿಗೆ ನೂರು ಪೈಸೆ ಲೆಕ್ಕ ಬಂದಿದ್ದು 1957ರಲ್ಲಿ, ಅದಕ್ಕೂ ಮುಂಚೆ ರೂಪಾಯಿ, ಆಣೆ, ಪೈ, ಹದಿನಾರಾಣೆಗೆ ಒಂದು ರೂಪಾಯಿ. ನಿಮ್ಮನೇಲೂ ಇಂಥ ಕಾಗದ ಇದ್ರೆ ಮೊದಲು ದುಡ್ಡಿನ ಕಾಲಂ ನೋಡಿ. 1973ರ ನವೆಂಬರಿಗೂ ಮುಂಚಿನ ಕಾಗದದ ಮೇಲೆ "ಕರ್ನಾಟಕ ಸರ್ಕಾರ" ಅಂತಿದ್ರೂ ಅಷ್ಟೇ, ಆಗ ಇನ್ನೂ ಮೈಸೂರು ರಾಜ್ಯ.

ನಕ್ಷೆ ವಿಷಯ ಇನ್ನೂ ಬೇಜಾರು. ಅದೇ ಹೆಸರಿನ ಬೇರೆ ತಾಲೂಕಿನ ಊರಿನ ನಕ್ಷೆ ತಂದು ಕೊಟ್ಟಿದ್ದ. ನಮ್ಮ ಮಲೆನಾಡಲ್ಲಿ ಒಂದೇ ಹೆಸರಿನ ಊರು ಹೋಬಳಿಗೊಂದು ಸಿಗ್ತಾವೆ, ಒಂದು ಕಂದಾಯ ಗ್ರಾಮದೊಳಗೆ ಹತ್ತಾರು ಕೇರಿ, ಒಂಟಿ ಮನೆ, ಮನೆಗೊಂದು ಹೆಸರು ಬೇರೆ. ಊರು ಮುಳುಗೋವಾಗ ಅತ್ತೆ ಸಣ್ಣ ಹುಡುಗಿ, ಅವರು ನಕ್ಷೆ ನೋಡಿದ ಕೂಡ್ಲೆ "ಇದು ನಮ್ಮೂರಲ್ಲ" ಅಂದ್ರು. ಮಡೆನೂರು ಡ್ಯಾಮಿಗೆ ಅವರು ಮನೆಯಿಂದ ನಡ್ಕೊಂಡೇ ಹೋಗ್ತಿದ್ರಂತೆ, ಈಗ ಬೇಸಿಗೆಯಲ್ಲಿ ಹಿನ್ನೀರು ತೀರಾ ಇಳಿದ ವರ್ಷ ಮೇಲೆ ಕಾಣುತ್ತಲ್ಲ ಆ ಹಳೇ ಹಿರೇಭಾಸ್ಕರ ಡ್ಯಾಮು. ಇವನ ನಕ್ಷೆಯಲ್ಲಿರೋ ಊರಿಂದ ಅಲ್ಲಿಗೆ ನಡೆಯೋ ಮಾತೇ ಇಲ್ಲ. ಇಂಥ ನಕ್ಷೆಗೆ ಅವನು ಸಾವಿರಗಟ್ಟಲೆ ತಗೊಂಡಿದ್ದ. ಗ್ರಾಮ ನಕ್ಷೆಗಳು ಭೂದಾಖಲೆ ಇಲಾಖೆಯ ವೆಬ್‌ಸೈಟಲ್ಲಿ ಪಿಡಿಎಫ್ ಆಗಿ ಪುಕ್ಕಟೆ ಸಿಗ್ತಾವೆ, ಸರ್ವೆ ನಂಬರ್, ಹಳ್ಳ, ಕೆರೆ, ದಾರಿ ಎಲ್ಲಾ ಅದ್ರಲ್ಲಿ ಕಾಣುತ್ತೆ. ತೆಗೆದು ಮನೆಯ ಹಿರಿಯರ ಮುಂದೆ ಹರಡಿ, ಹಳ್ಳ ಯಾವ ಕಡೆ, ಕೆರೆ ಎಲ್ಲಿತ್ತು ಅಂತ ಕೇಳಿ, ಅವರು ಹೇಳೋದಕ್ಕಿಂತ ದೊಡ್ಡ ದಾಖಲೆ ಇಲ್ಲ.

ಹೆಸರು ಜೋಡಿಸೋದ್ರಲ್ಲೂ ಮೋಸ ಮಾಡಿದ್ದಾನೆ. ಹಳೇ ದಾಖಲೆಯಲ್ಲಿ ಇಂಥವನು ಬಿನ್ ಇಂಥವನು ಅಂತ ಅಪ್ಪನ ಹೆಸರು ಇರುತ್ತೆ. ಅಜ್ಜನ ಹೆಸರು ಮೊಮ್ಮಗನಿಗೆ ಇಡೋ ಪದ್ಧತಿ ನಮ್ಮದು, ಅದಕ್ಕೆ ತಿಮ್ಮಪ್ಪ ಬಿನ್ ಮಂಜಪ್ಪ, ಮಂಜಪ್ಪ ಬಿನ್ ತಿಮ್ಮಪ್ಪ ಅಂತ ತಲೆಮಾರುಗಟ್ಟಲೆ ಹೋಗುತ್ತೆ, ಯಾವ ಊರಿನ ತಿಮ್ಮಪ್ಪನನ್ನ ಬೇಕಾದ್ರೂ ತಂದು ಸೇರಿಸಬಹುದು. ಸಂವತ್ಸರದ ಹೆಸರು ಮಾತ್ರ ಇದ್ರೂ ಹುಷಾರು, ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತೆ, ಪ್ಲವ ಅಂದ್ರೆ 1901ನೂ ಆಗುತ್ತೆ 1961ನೂ ಆಗುತ್ತೆ. ಊರು, ಹೋಬಳಿ, ಸರ್ವೆ ನಂಬರ್ ಮೂರೂ ಕೂಡಿಬಂದ್ರೆ ಮಾತ್ರ ಹೆಸರು ನಂಬಿ. ಈಗಿನ ಪಹಣಿಯಿಂದ ಹಿಂದಕ್ಕೆ ಮ್ಯುಟೇಶನ್ (ಖಾತೆ ಬದಲಾವಣೆಯ ದಾಖಲೆ) ಹಿಡ್ಕೊಂಡು ಹೋಗಿ, ಅಲ್ಲಿಂದ ಹಳೇ ಕೈಬರಹದ ಪಹಣಿ, ಆರ್‌ಆರ್ (ಹಕ್ಕು ದಾಖಲೆ), ಇಂಡೆಕ್ಸ್ ಆಫ್ ಲ್ಯಾಂಡ್ಸ್ (ಜಮೀನುಗಳ ಸೂಚಿ). ನಿಧಾನ ಆಗುತ್ತೆ, ಆದ್ರೆ ಬೇರೆ ದಾರಿ ಇಲ್ಲ.

ಇನ್ನೊಂದು ಮಾತು, ಗೇಣಿ ಮಾಡ್ಕೊಂಡಿದ್ದ ಮನೆಯವರಿಗೆ. ನಿಮ್ಮ ಅಜ್ಜನ ಹೆಸರು ಹಳೇ ದಾಖಲೆಯಲ್ಲಿ ಖಾತೆದಾರ ಅಂತ ಇರಲ್ಲ, ಅಲ್ಲಿರೋದು ಒಡೆಯರ ಹೆಸರು. ಅದಕ್ಕೇ "ನಿಮ್ಮಜ್ಜಂದು ನೂರು ಎಕರೆ ಇತ್ತು, ದಾಖಲೆ ಸಿಕ್ಕಿದೆ" ಅಂತ ಯಾರಾದ್ರೂ ಬಂದ್ರೆ ಅಲ್ಲೇ ಅನುಮಾನ ಪಡಿ. ಗೇಣಿದಾರರು ಹೋರಾಡಿದ ಕಾಗೋಡು ಚಳುವಳಿಯ ಜಿಲ್ಲೆ ಇದು, ಉತ್ತವನ ಹೆಸರು ಪುಸ್ತಕಕ್ಕೆ ಬರೋಕೆ ಎಷ್ಟು ಕಷ್ಟ ಆಯ್ತು ಅಂತ ನಮ್ಮ ಹಿರಿಯರಿಗೆ ಗೊತ್ತು. ಭೂಸುಧಾರಣೆ ಕಾಯ್ದೆಗೆ 1974ರ ತಿದ್ದುಪಡಿ ಆದಮೇಲೆ ನಿಮ್ಮ ಮನೆಯವರು ಫಾರಂ 7 (ಗೇಣಿ ಜಮೀನು ತಮ್ಮ ಹೆಸರಿಗೆ ಕೇಳೋ ಅರ್ಜಿ) ಹಾಕಿದ್ದಿದ್ರೆ ಭೂನ್ಯಾಯ ಮಂಡಳಿ ಫೈಲಿನಲ್ಲಿ ಅಪ್ಪನ ಹೆಸರು, ಎಷ್ಟು ಕಾಲದಿಂದ ಉಳ್ತಿದ್ರು ಅನ್ನೋ ಹೇಳಿಕೆ, ಅಕ್ಕಪಕ್ಕದವರ ಸಾಕ್ಷಿ ಸಿಗಬಹುದು, ಆ ಫೈಲು ಕೇಳಿ. ಮುಳುಗಡೆಯವರು ಭೂಸ್ವಾಧೀನದ ಅವಾರ್ಡ್ (ಪರಿಹಾರದ ಆದೇಶ) ಕೇಳಿ, ಆಗಿನ ಮೈಸೂರು ಗೆಜೆಟ್ಟಿನ ಭೂಸ್ವಾಧೀನ ನೋಟಿಫಿಕೇಶನ್ನೂ ಹುಡುಕಿ. ನಾವೀಗ ಅದನ್ನೇ ಮಾಡ್ತಿದೀವಿ. ಕಚೇರಿಯಲ್ಲಿ ಓಡಾಡಿಸಿದ್ರೆ ಮಾಹಿತಿ ಹಕ್ಕಿನಲ್ಲಿ ಹಾಕಿ, ಹತ್ತು ರೂಪಾಯಿ ಫೀಸು, ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಮುಗಿಸಿ, ಇಲ್ಲಾಂದ್ರೆ ಅದನ್ನೇ ನೆಪ ಮಾಡಿ ವಾಪಸ್ ಕಳಿಸ್ತಾರೆ.

ಕಡತ, ತಾಳೆಗರಿ ಇದ್ರೆ ಒರೆಸಬೇಡಿ, ಎಣ್ಣೆ ಹಚ್ಚಬೇಡಿ, ಬೆಳಿಗ್ಗೆ ಹೊತ್ತು ಬೆಳಕು ಓರೆಯಾಗಿ ಬೀಳೋ ಹಾಗೆ ಜಗಲಿಯಲ್ಲಿಟ್ಟು ಒಂದೊಂದು ಮಡಿಕೆಯನ್ನೂ ನೀವೇ ಫೋಟೋ ತೆಗೀರಿ. ಮೋಡಿ, ತಿಗಳಾರಿ ಅನ್ನೋ ಹಳೇ ಲಿಪಿ ಇದ್ದು ಓದಕ್ಕಾಗದಿದ್ರೆ ಆ ಫೋಟೋ ತಗೊಂಡು ಗೊತ್ತಿರೋರ ಹತ್ರ ಹೋಗಿ. ಸಾಗರದ ಪಕ್ಕ ಕೆಳದಿಯ ವಸ್ತು ಸಂಗ್ರಹಾಲಯದಲ್ಲೇ ಇಂಥ ಕಡತ, ತಾಳೆಗರಿ ಜೋಪಾನ ಮಾಡಿಟ್ಟಿದ್ದಾರೆ, ಮೊದಲು ಅಲ್ಲಿ ವಿಚಾರಿಸಿ.

ಇಷ್ಟೆಲ್ಲ ಯಾಕೆ ಬರೆದೆ ಅಂದ್ರೆ ಆ ಸುಳ್ಳು ವಂಶಾವಳಿಯನ್ನ ನಮ್ಮ ದಾಯಾದಿ ಒಬ್ರು ಪೌತಿ ಖಾತೆ (ತೀರಿಕೊಂಡವರ ಖಾತೆ ವಾರಸುದಾರರಿಗೆ ಮಾಡಿಸೋದು) ಅರ್ಜಿಗೆ ಲಗತ್ತಿಸೋಕೆ ತೆಗೆದಿಟ್ಟಿದ್ರು, ತಂಗಿ ಸಮಯಕ್ಕೆ ತಡೆದಳು. ಅದು ಒಳಗೆ ಹೋಗಿದ್ರೆ ಸುಳ್ಳು ದಾಖಲೆ ಕೊಟ್ಟ ಕೇಸು ನಮ್ಮ ಮೇಲೇ ಬೀಳ್ತಿತ್ತು, ಅವನು ಆರಾಮಾಗಿ ಇನ್ನೊಂದು ಊರಲ್ಲಿರ್ತಿದ್ದ. ನಿಮ್ಮನೆಗೂ ಇಂಥವರು ಕಾಗದ ಕೊಟ್ಟು ಹೋಗಿದ್ರೆ ಪ್ರತಿಯೊಂದರ ಹಿಂದೆ ಕಚೇರಿಯ ದೃಢೀಕರಣದ ಸೀಲು, ಸಹಿ, ನಕಲು ಅರ್ಜಿ ನಂಬರ್, ತಾರೀಕು ಇದೆಯಾ ನೋಡಿ, ಆ ನಂಬರ್ ಬರ್ಕೊಂಡು ನೀವೇ ರೆಕಾರ್ಡ್ ರೂಮಿಗೆ ಹೋಗಿ ಕೇಳಿ, ಅಲ್ಲಿವರೆಗೆ ಅದನ್ನ ಯಾವ ಅರ್ಜಿಗೂ ಸೇರಿಸಬೇಡಿ.