ಗೋಳ ಅವರದು, ದಾರ ಅವರದು, ತಪ್ಪು ಮಾತ್ರ ನನ್ನದಂತೆ

ಮನೆಯಲ್ಲೇ ಕುಳಿತು, ಕಿಟಕಿಯಲ್ಲಿ ತೂಗುಹಾಕಿದರೆ ಬಿಸಿಲನ್ನು ಬಣ್ಣಬಣ್ಣವಾಗಿ ಚೆಲ್ಲುವ ಮಣಿಯ ಸನ್‌ಕ್ಯಾಚರ್‌ಗಳನ್ನು ಪೋಣಿಸಿಕೊಡಿ, ಸಾಮಗ್ರಿ ನಾವೇ ಕಳುಹಿಸುತ್ತೇವೆ, ಸಿದ್ಧವಾದುದನ್ನೆಲ್ಲ ನಾವೇ ಕೊಂಡುಕೊಳ್ಳುತ್ತೇವೆ ಎಂಬ ಜಾಹೀರಾತು ನಿಮ್ಮ ಕಣ್ಣಿಗೂ ಬಿದ್ದಿದ್ದರೆ, ಠೇವಣಿ ಕಟ್ಟುವ ಮೊದಲು ದಯವಿಟ್ಟು ಇದನ್ನು ಓದಿ. ನಾನು ಕಟ್ಟಿದೆ. ಅಷ್ಟೇ ಅಲ್ಲ, ನನ್ನ ಮಾತು ನಂಬಿ ನನ್ನ ಅತ್ತಿಗೆಯೂ ಕಟ್ಟಿದರು. ಹಣ ಹೋದದ್ದಕ್ಕಿಂತ ಈ ಎರಡನೆಯ ಸಂಗತಿಯೇ ನನ್ನನ್ನು ಹೆಚ್ಚು ನಾಚಿಸುತ್ತಿದೆ.

ನಾನು ಈ ಕೆಲಸಕ್ಕೆ ಹೊಸಬಳಲ್ಲ. ಗಾಜಿನ ಮಣಿ ಯಾವುದು, ಮೇಲೆ ಬಣ್ಣ ಬಳಿದ ಮಣಿ ಯಾವುದು, ಬಿಸಿಲಿಗೆ ತಡೆಯುವ ತಂತಿ ಯಾವುದು ಎಂದು ಬೇರೆಯವರಿಗೆ ಹೇಳಿಕೊಡುತ್ತಿದ್ದವಳು ನಾನೇ. ಆದುದರಿಂದ ‘ತಿಳಿಯದವರು ಮೋಸಹೋಗುತ್ತಾರೆ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ತಿಳಿದವರೂ ಹೋಗುತ್ತೇವೆ, ತಿಳಿದಿದೆ ಎಂಬ ಧೈರ್ಯದಿಂದಲೇ ಹೋಗುತ್ತೇವೆ.

ಕರಾರು ಹೀಗಿತ್ತು. 40 ಸನ್‌ಕ್ಯಾಚರ್‌ಗಳು, 10 ಕುಂಡದ ಕಡ್ಡಿಗಳು (ಹೂಕುಂಡದ ಮಣ್ಣಿಗೆ ಚುಚ್ಚುವ ಅಲಂಕಾರದ ಕಡ್ಡಿ), 30 ದಿನಗಳ ಗಡುವು. ಪ್ರತಿ ಸನ್‌ಕ್ಯಾಚರ್‌ನ ತುದಿಗೆ 30 ಮಿ.ಮೀ. ಅಗಲದ, ಮೈತುಂಬ ಸಣ್ಣ ಚಪ್ಪಟೆ ಮುಖಗಳಿರುವ ಒಂದು ಗೋಳ. ಅದರ ಮೇಲೆ ಸಾಲಾಗಿ ಗುಲಾಬಿ, ನೇರಳೆ, ನೀಲಿ ಮಣಿಗಳು. ನೆತ್ತಿಯಲ್ಲಿ ತಂತಿಯ ಬಳೆ. ಕುಂಡದ ಕಡ್ಡಿಗೆ ತಂತಿಯಲ್ಲಿ ಸುತ್ತಿದ ಏರೋಪ್ಲೇನ್ ಚಿಟ್ಟೆ. ಕಿಟ್‌ಗೆ ಠೇವಣಿ ಕಟ್ಟಬೇಕು, ಮಾಡಿದ ಸರಕು ತಪಾಸಣೆಯಲ್ಲಿ ಉತ್ತೀರ್ಣವಾದ ಮೇಲೆ ಠೇವಣಿಯೂ ಕೂಲಿಯೂ ಒಟ್ಟಿಗೆ ಬರುತ್ತದೆ. ‘ತಪಾಸಣೆಯಲ್ಲಿ ಉತ್ತೀರ್ಣವಾದ ಮೇಲೆ’ ಎಂಬ ಮೂರು ಪದಗಳ ಮೇಲೆ ನನ್ನ ಕಣ್ಣು ಹಾಯ್ದುಹೋಯಿತು, ನಿಲ್ಲಲಿಲ್ಲ. ನನ್ನ ಕೈಕೆಲಸದಲ್ಲಿ ತಪ್ಪು ಹುಡುಕುವವರು ಯಾರು ಎಂಬ ಅಹಂಕಾರ ಇದ್ದಿರಬೇಕು.

ಪೆಟ್ಟಿಗೆ ಬಂದ ದಿನ ಅದನ್ನು ಒಂದೇ ಕೈಯಲ್ಲಿ ಎತ್ತಿ ಒಳಗೆ ತಂದೆ. ಆಗಲೇ ಹೊಳೆಯಬೇಕಿತ್ತು. 30 ಮಿ.ಮೀ. ಅಗಲದ ಗೋಳ ಗಾಜಿನದ್ದಾದರೆ ಸುಮಾರು 35 ಗ್ರಾಂ ತೂಗುತ್ತದೆ, ಮುಖ ಕೊರೆದದ್ದಕ್ಕೆ ಸ್ವಲ್ಪ ಕಳೆದರೂ 30 ಗ್ರಾಂಗೆ ಕಡಿಮೆಯಾಗದು. 40 ಗೋಳಗಳೆಂದರೆ ಗೋಳಗಳೇ 1 ಕಿಲೋ 200 ಗ್ರಾಂ ದಾಟಬೇಕು. ಮಣಿ, ತಂತಿ, ಗೋಳ, ರಟ್ಟು ಎಲ್ಲವೂ ಸೇರಿ ಆ ಪೆಟ್ಟಿಗೆಯ ಚೀಟಿಯ ಮೇಲೆ ಬರೆದಿದ್ದ ತೂಕ 960 ಗ್ರಾಂ. ಅದು ನನ್ನ ಕಣ್ಣೆದುರಿಗೇ ಅಂಟಿಸಿದ್ದ ಚೀಟಿ. ಈ ಲೆಕ್ಕವನ್ನು ನಾನು ಹಾಕಿದ್ದು ಎರಡು ತಿಂಗಳ ನಂತರ.

ಕಿಟ್‌ನಲ್ಲಿದ್ದ ದಾರ ಗಾಳ ಹಾಕಲು ಬಳಸುವಂಥ ಪಾರದರ್ಶಕ ನೈಲಾನ್ ಎಳೆ. ಬಿಸಿಲಿಗೆ ನೈಲಾನ್ ಎಳೆ ಗಡುಸಾಗಿ, ಬಲಗುಂದಿ, ಒಂದು ದಿನ ತಾನಾಗಿಯೇ ಕಡಿಯುತ್ತದೆ. ಆದ್ದರಿಂದಲೇ ಹೊರಗೆ ತೂಗುಹಾಕುವ ವಸ್ತುವಿಗೆ ನಾವು ಪ್ಲಾಸ್ಟಿಕ್ ಹೊದಿಕೆಯ ಉಕ್ಕಿನ ಎಳೆಯನ್ನು ಬಳಸಿ, ತುದಿಗೆ ಕ್ರಿಂಪ್ ಎಂಬ ಪುಟ್ಟ ಲೋಹದ ಮಣಿಯನ್ನು ಇಕ್ಕಳದಿಂದ ಒತ್ತಿ ಭದ್ರಪಡಿಸುತ್ತೇವೆ. ಇದನ್ನು ನಾನು ಅವರಿಗೆ ಬರೆದು ತಿಳಿಸಿದೆ, ನನ್ನ ಖರ್ಚಿನಲ್ಲೇ ಉಕ್ಕಿನ ಎಳೆ ಹಾಕಿಕೊಡುತ್ತೇನೆಂದೂ ಹೇಳಿದೆ. ಬಂದ ಉತ್ತರ: “ಮೇಡಂ, ಕೊಟ್ಟ ದಾರವನ್ನೇ ಬಳಸಬೇಕು, ಇಲ್ಲದಿದ್ದರೆ ತಪಾಸಣೆಯಲ್ಲಿ ಪಾಸಾಗುವುದಿಲ್ಲ.” ಸರಿ, ಅವರ ಸರಕು, ಅವರ ಇಷ್ಟ ಎಂದುಕೊಂಡು ಗಂಟು ಹಾಕಿ, ಗಂಟಿಗೆ ಅಂಟಿನ ಹನಿ ಬಿಟ್ಟು, 26 ದಿನಗಳಲ್ಲಿ ಎಲ್ಲವನ್ನೂ ಮುಗಿಸಿ ಕಳುಹಿಸಿದೆ. ಅತ್ತಿಗೆ ಎರಡು ದಿನ ತಡವಾಗಿ ಕಳುಹಿಸಿದರು. ಅವರಿಗೆ ಬಂದ ಗೋಳಗಳಲ್ಲಿ ಎರಡು ಬಿರುಕು ಬಿಟ್ಟಿದ್ದರಿಂದ 38 ಮಾತ್ರ ಮಾಡಿ, ಒಡಕು ಗೋಳಗಳನ್ನು ಬೇರೆ ಪೊಟ್ಟಣದಲ್ಲಿ ಸುತ್ತಿ, ಚೀಟಿ ಬರೆದು ಜೊತೆಗಿಟ್ಟಿದ್ದರು. ಈ 38 ಎಂಬುದನ್ನು ನೆನಪಿನಲ್ಲಿಡಿ.

ಮೂರು ವಾರಗಳ ನಂತರ ಉತ್ತರ ಬಂತು. “ಮೇಡಂ, ನಮ್ಮ ಗುಣಮಟ್ಟ ವಿಭಾಗವು ನಿಮ್ಮ 40ರಲ್ಲಿ 37ನ್ನು ತಿರಸ್ಕರಿಸಿದೆ. ಕಾರಣ: ಪಾರದರ್ಶಕತೆ ಮಾನದಂಡಕ್ಕೆ ತಕ್ಕಂತಿಲ್ಲ, ದಾರದ ಬಿಗಿತ ಸಮನಾಗಿಲ್ಲ.”

ಓದಿ ನನಗೆ ಮೊದಲು ಕೋಪವೂ ಬರಲಿಲ್ಲ, ನಗು ಬಂತು. ಗೋಳದ ಪಾರದರ್ಶಕತೆಯನ್ನು ಪೋಣಿಸುವವಳು ಹೇಗೆ ಕೆಡಿಸಲು ಸಾಧ್ಯ? ಗೋಳ ನೀವು ಕೊಟ್ಟದ್ದು, ದಾರವನ್ನೂ ನೀವೇ ಕೊಟ್ಟು ಬೇರೆಯದನ್ನು ಬಳಸಕೂಡದೆಂದು ತಾಕೀತು ಮಾಡಿದ್ದೀರಿ ಎಂದು ಸಮಾಧಾನದಿಂದಲೇ ಬರೆದೆ. ಅದಕ್ಕೆ ಬಂದ ಉತ್ತರವನ್ನು ಇದ್ದಹಾಗೆಯೇ ಕೊಡುತ್ತೇನೆ: “ಮೇಡಂ, ನೀವು ಕೈ ತೊಳೆದುಕೊಂಡು ಕೆಲಸ ಮಾಡಿದ್ದೀರಾ? ಬೆರಳಿನ ಎಣ್ಣೆಯಿಂದ ಕ್ರಿಸ್ಟಲ್ ಮಂಕಾಗುತ್ತದೆ. ಹೊಸಬರಲ್ಲಿ ಇದು ಸಾಮಾನ್ಯ.”

ಹೊಸಬರಂತೆ! ಹತ್ತಿಯ ಕೈಗವಸು ತೊಟ್ಟು, ಪ್ರತಿಯೊಂದು ಗೋಳವನ್ನೂ ಮೆತ್ತನೆಯ ಬಟ್ಟೆಯಿಂದ ಒರೆಸಿ, ಒಂದೊಂದನ್ನೂ ಕಾಗದದಲ್ಲಿ ಸುತ್ತಿ ಕಳುಹಿಸಿದ್ದವಳಿಗೆ ಕೈ ತೊಳೆದಿದ್ದೀರಾ ಎಂಬ ಪ್ರಶ್ನೆ. ಇದಕ್ಕಿಂತ ನಾಚಿಕೆಯ ಸಂಗತಿಯೆಂದರೆ, ಆ ರಾತ್ರಿ ನಾನು ನಿಜವಾಗಿಯೂ ಅನುಮಾನಪಟ್ಟೆ. ಅಂಟು ಬಿಡುವಾಗ ಕೈಗವಸು ತೆಗೆದಿದ್ದೆನೇ, ಆಗಲೇ ಕೆಟ್ಟಿತೇ ಎಂದು ಮಲಗಿದಲ್ಲೇ ಯೋಚಿಸಿದೆ. ಮೋಸ ಮಾಡುವವರ ಜಾಣತನ ಇರುವುದು ಇಲ್ಲಿಯೇ, ತಪ್ಪನ್ನು ನಮ್ಮಿಂದಲೇ ಹುಡುಕಿಸುತ್ತಾರೆ.

ಕಿಟ್‌ನಲ್ಲಿ ಒಂದು ಗೋಳ ಹೆಚ್ಚಾಗಿ ಬಂದಿತ್ತು. ಅದರಿಂದ ಮಾಡಿದ್ದನ್ನು ನನ್ನ ಕಿಟಕಿಯಲ್ಲಿ, ನನ್ನ ಹಳೆಯ ಗಾಜಿನ ಸನ್‌ಕ್ಯಾಚರ್‌ನ ಪಕ್ಕದಲ್ಲೇ ತೂಗುಹಾಕಿದ್ದೆ. ಹಳೆಯದು ಗೋಡೆಯ ಮೇಲೆ ಕೆಂಪಿನಿಂದ ನೇರಳೆಯವರೆಗೆ ಬಿಡಿಬಿಡಿಯಾದ ಪಟ್ಟೆ ಮೂಡಿಸುತ್ತಿತ್ತು, ಹೊಸದು ಕಲಸಿದಂಥ ಬೆಳಕಿನ ಕಲೆ ಮಾತ್ರ. ಮೋಡವಿರಬೇಕು ಎಂದುಕೊಂಡೆ. ಎರಡರ ಮೇಲೂ ಬೀಳುತ್ತಿದ್ದುದು ಅದೇ ಬಿಸಿಲು ಎಂಬುದು ನನ್ನ ತಲೆಗೆ ಹೋಗಲಿಲ್ಲ. ನ್ಯಾಯವಾಗಿ ಹೇಳುವುದಾದರೆ ಪ್ಲಾಸ್ಟಿಕ್ ಆದ ಮಾತ್ರಕ್ಕೆ ಕಾಮನಬಿಲ್ಲು ಮೂಡಬಾರದೆಂದೇನೂ ಇಲ್ಲ. ಅಕ್ರಿಲಿಕ್ ಎಂಬ ಪಾರದರ್ಶಕ ಪ್ಲಾಸ್ಟಿಕ್‌ನ ವಕ್ರೀಭವನಾಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) ಸುಮಾರು 1.49, ಸಾಧಾರಣ ಗಾಜಿನದು ಸುಮಾರು 1.52, ಅಂತರ ಅಲ್ಪ. ಬಣ್ಣ ಬಿಡಿಯಾಗಿ ಬೀಳಬೇಕಾದರೆ ಮುಖಗಳು ಸಮತಟ್ಟಾಗಿಯೂ ಅಂಚುಗಳು ಚೂಪಾಗಿಯೂ ಇರಬೇಕು. ಅಚ್ಚಿನಲ್ಲಿ ಹೊಯ್ದು ಹಾಗೆಯೇ ತೆಗೆದ ಅಗ್ಗದ ಗೋಳದ ಅಂಚುಗಳು ಸವೆದ ಸಾಬೂನಿನಂತೆ ಮೊಂಡಾಗಿರುತ್ತವೆ. ಬೆರಳಾಡಿಸಿದರೆ ಸಾಕಿತ್ತು.

ಕೈ ತೊಳೆಯುವ ಉಪದೇಶ ಬಂದ ಕೆಲವು ದಿನಗಳಲ್ಲೇ, ಒಂದು ಮಧ್ಯಾಹ್ನ, ಆ ದಾರ ಕಡಿಯಿತು. ಗೋಳ ಕಿಟಕಿಯ ಎತ್ತರದಿಂದ ಕಲ್ಲಿನ ನೆಲಕ್ಕೆ ಬಿತ್ತು. ಚೂರು ಗುಡಿಸಲೆಂದು ಪೊರಕೆ ತರಲು ಎದ್ದೆ. ಅದು ಒಡೆಯಲಿಲ್ಲ, ಪುಟಿಯಿತು. ಎರಡು ಸಲ ಪುಟಿದು ಮಂಚದ ಕೆಳಗೆ ಉರುಳಿತು. ಟಣ್ ಎನ್ನುವ ಸದ್ದೂ ಇಲ್ಲ, ಟಕ್ ಟಕ್ ಅಷ್ಟೇ. ಪೊರಕೆ ಹಿಡಿದು ನಿಂತಲ್ಲೇ ನನ್ನ ಕಿವಿ ಬಿಸಿಯಾಯಿತು. ಎಷ್ಟೋ ಜನರಿಗೆ ‘ಕೊಳ್ಳುವ ಮೊದಲು ಕೆನ್ನೆಗೆ ತಾಗಿಸಿ ನೋಡಿ, ಗಾಜು ತಣ್ಣಗಿರುತ್ತದೆ’ ಎಂದು ಹೇಳಿಕೊಟ್ಟವಳು, 41 ಗೋಳಗಳನ್ನು 26 ದಿನ ಕೈಯಲ್ಲಿ ಹಿಡಿದಿದ್ದೆ, ಒಂದನ್ನೂ ಕೆನ್ನೆಗೆ ಮುಟ್ಟಿಸಿರಲಿಲ್ಲ.

ಆಮೇಲೆ ಎಲ್ಲ ಪರೀಕ್ಷೆಗಳನ್ನೂ ಮಾಡಿದೆ, ಹಟಕ್ಕೆ ಬಿದ್ದು ಮಾಡಿದೆ. ಉಗುರಿನ ಬಣ್ಣ ತೆಗೆಯುವ ಅಸಿಟೋನ್ ದ್ರಾವಣವನ್ನು ಹತ್ತಿಯಲ್ಲಿ ಅದ್ದಿ ಒರೆಸಿದರೆ ಗೋಳದ ಮೈ ಅಂಟಂಟಾಗಿ ಮಸುಕಾಯಿತು. ಗಾಜಿಗೆ ಅದರಿಂದ ಏನೂ ಆಗುವುದಿಲ್ಲ. ಗುಲಾಬಿ ಮಣಿಯ ಬಣ್ಣ ಹತ್ತಿಗೇ ಬಂತು. ಕಿಟಕಿಯಲ್ಲಿದ್ದ ನೇರಳೆ ಮಣಿಗಳು ಆ ಹೊತ್ತಿಗಾಗಲೇ ಅರ್ಧ ಬಿಳುಚಿದ್ದವು. ಉಪ್ಪು ಇನ್ನು ಕರಗದು ಎನ್ನುವವರೆಗೆ ಕರಗಿಸಿದ ನೀರಿಗೆ ಮಣಿಗಳನ್ನು ಹಾಕಿ, ತೂತಿನ ಗಾಳಿಗುಳ್ಳೆ ಹೋಗುವಂತೆ ಕಲಕಿದಾಗ ನನ್ನ ಗಾಜಿನ ಮಣಿಗಳು ತಳ ಸೇರಿದವು, ಅವರವು ತೇಲಿದವು. ಮಿಕ್ಕಿದ್ದ ‘ತಾಮ್ರದ’ ತಂತಿ ಅಯಸ್ಕಾಂತಕ್ಕೆ ಜಿಗಿದು ಅಂಟಿಕೊಂಡಿತು.

ಗಾಜೋ ಪ್ಲಾಸ್ಟಿಕ್ಕೋ ಹೇಳಿ ಎಂದು ನೇರವಾಗಿ ಕೇಳಿದೆ. “ಮೇಡಂ, ಗಾಜು ಎಂದು ನಾವು ಎಲ್ಲಿ ಹೇಳಿದ್ದೇವೆ, ತೋರಿಸಿ. ಕ್ರಿಸ್ಟಲ್ ನೋಟ ಎಂದು ಬರೆದಿದ್ದೇವೆ. ತಂತಿಯೂ ತಾಮ್ರವರ್ಣದ್ದು ಎಂದೇ ಇದೆ.”

ಜಾಹೀರಾತನ್ನೂ ಕರಾರನ್ನೂ ಮತ್ತೆ ತೆಗೆದು ಓದಿದೆ. ಎಲ್ಲಿಯೂ ಗಾಜು ಎಂಬ ಪದವಿಲ್ಲ. ತಾಮ್ರದ ತಂತಿ ಎಂದೂ ಇಲ್ಲ. ‘ಕ್ರಿಸ್ಟಲ್ ನೋಟದ ಗೋಳ’, ‘ತಾಮ್ರವರ್ಣದ ತಂತಿ’. ನೋಟ, ವರ್ಣ. ಗಾಜನ್ನು ಆ ಸಾಲಿನೊಳಗೆ ಓದಿಕೊಂಡವಳು ನಾನು. ಅವರು ಸುಳ್ಳನ್ನೂ ಹೇಳಿರಲಿಲ್ಲ, ಸುಳ್ಳು ಹೇಳುವ ಶ್ರಮವನ್ನು ನನಗೇ ಬಿಟ್ಟಿದ್ದರು.

ಠೇವಣಿಯನ್ನಾದರೂ ಹಿಂದಿರುಗಿಸಿ ಎಂದರೆ ಅದು ಸಾಮಗ್ರಿಯ ಬಾಬ್ತಿಗೆ ಹೊಂದಿಕೆಯಾಯಿತಂತೆ. ತಿರಸ್ಕರಿಸಿದ ಸರಕನ್ನಾದರೂ ಕಳುಹಿಸಿ ಎಂದರೆ ಸಾಗಣೆಯ ಖರ್ಚನ್ನು ಮುಂಗಡವಾಗಿ ಕಟ್ಟಬೇಕಂತೆ. ಪಾಸಾದ ಮೂರರ ಕೂಲಿ? “ಕನಿಷ್ಠ 20 ಪಾಸಾದರೆ ಮಾತ್ರ ಪಾವತಿ, ಮೇಡಂ. ನೀವು ಎರಡನೇ ಹಂತದ ತರಬೇತಿ ಕಿಟ್ ಕೊಂಡರೆ ಮರುಪರಿಶೀಲನೆಗೆ ಶಿಫಾರಸು ಮಾಡುತ್ತೇನೆ.” ಮತ್ತೊಂದು ಕಿಟ್! ಇಷ್ಟಾದ ಮೇಲೆ ಮತ್ತೊಂದು ಕಿಟ್!

ಅಷ್ಟರಲ್ಲಿ ಅತ್ತಿಗೆಗೂ ಪತ್ರ ಬಂದಿತ್ತು. ನನಗೆ ಬೇಸರವಾದೀತೆಂದು ಅವರು ಒಂದು ವಾರ ಮುಚ್ಚಿಟ್ಟಿದ್ದರು. ತೋರಿಸಿದಾಗ ನೋಡಿದೆ: “ನಿಮ್ಮ 40ರಲ್ಲಿ 37ನ್ನು ತಿರಸ್ಕರಿಸಿದೆ. ಕಾರಣ: ಪಾರದರ್ಶಕತೆ ಮಾನದಂಡಕ್ಕೆ ತಕ್ಕಂತಿಲ್ಲ, ದಾರದ ಬಿಗಿತ ಸಮನಾಗಿಲ್ಲ.” ಅವರು ಕಳುಹಿಸಿದ್ದು 38. ಆ ಪೆಟ್ಟಿಗೆಯನ್ನು ಯಾರೂ ಬಿಚ್ಚಿಯೇ ಇರಲಿಲ್ಲ. ಇದನ್ನು ಬರೆದು ಕೇಳಿದ ಮೇಲೆ ಆ ಕಡೆಯಿಂದ ಒಂದೇ ಒಂದು ಉತ್ತರವೂ ಬಂದಿಲ್ಲ. ಅತ್ತಿಗೆ ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಅಂದಿದ್ದರೆ ಚೆನ್ನಾಗಿತ್ತು.

ನನ್ನಿಂದ ಹೇಳಬಹುದಾದದ್ದು ಇಷ್ಟೇ. ಮಾಡಿಸಿಕೊಳ್ಳುವವರು ಕೂಲಿ ಕೊಡಬೇಕು, ಮಾಡುವವರಿಂದ ಹಣ ಕೇಳಬಾರದು; ಕೇಳಿದರೆ ಅವರ ವ್ಯಾಪಾರ ಸನ್‌ಕ್ಯಾಚರ್‌ನದಲ್ಲ, ಕಿಟ್‌ನದು. ‘ನೋಟ’, ‘ವರ್ಣ’, ‘ಮಾದರಿ’ ಎಂಬ ಬಾಲವಿರುವ ಹೆಸರನ್ನು ಕಂಡರೆ ‘ಗಾಜು’ ಎಂದು ಬರೆದುಕೊಡಿ ಎನ್ನಿ, ಬರೆಯುವುದಿಲ್ಲ. ಪೆಟ್ಟಿಗೆ ಬಂದ ದಿನವೇ ತೂಗಿ, ಒಂದು ಗೋಳವನ್ನು ಕೆನ್ನೆಗೆ ತಾಗಿಸಿ. ಸರಕು ಕಳುಹಿಸುವ ಮೊದಲು ಎಣಿಸಿ ಚಿತ್ರ ತೆಗೆದಿಟ್ಟುಕೊಳ್ಳಿ. ಅತ್ತಿಗೆ ತೆಗೆದಿದ್ದರು, ನಾನು ತೆಗೆದಿರಲಿಲ್ಲ.

ನಾವಿಬ್ಬರೂ ದೂರು ಬರೆಯುತ್ತಿದ್ದೇವೆ. ‘40ರಲ್ಲಿ 37’ ಎಂಬ ಇದೇ ವಾಕ್ಯವಿರುವ ಪತ್ರ ನಿಮಗೂ ಬಂದಿದ್ದರೆ ಕೋಪದಲ್ಲಿ ಅಳಿಸಿಹಾಕಬೇಡಿ. ದಿನಾಂಕ ಕಾಣುವಂತೆ ಇಟ್ಟುಕೊಳ್ಳಿ, ಮತ್ತು ನೀವು ನಿಜವಾಗಿ ಎಷ್ಟು ಕಳುಹಿಸಿದ್ದಿರಿ ಎಂಬುದನ್ನು ಅದರ ಪಕ್ಕದಲ್ಲೇ ಬರೆದಿಡಿ.