ಪೆಟ್ಟಿಗೆ ಎಲ್ಲಿ ಬಿತ್ತು? ಮೂರು ಟ್ರ್ಯಾಕರ್, ಮೂರು ಹಾರಾಟ

ಡೆನ್ವರ್‌ನಿಂದ ಪೂರ್ವಕ್ಕೆ ಒಂದೂವರೆ ಗಂಟೆ ಕಾರು ಓಡಿಸಿದರೆ ಲೈಮನ್ ಎಂಬ ಊರು. ಅಲ್ಲಿಂದಾಚೆ ಕನ್ಸಾಸ್‌ವರೆಗೂ ಬಯಲೋ ಬಯಲು. ರಾಯಚೂರಿನ ಕಡೆಯವರಿಗೆ ಊರು ನೆನಪಾಗುವಂಥ ಜಾಗ, ಮರ ಮಾತ್ರ ಇನ್ನೂ ಕಮ್ಮಿ. ಬಲೂನು ಬಿಡುವವರಿಗೆ ಹೇಳಿ ಮಾಡಿಸಿದ ನೆಲ. ಎರಡು ವರ್ಷದಲ್ಲಿ ನಾನೂ ಇಬ್ಬರು ಗೆಳೆಯರೂ ಅಲ್ಲಿಂದ ಮೂರು ಸಲ, ಮೇಲಿಂದ ಭೂಮಿಯ ಫೋಟೊ ತೆಗೆಯಲೆಂದು, ಬಲೂನಿಗೆ ಕ್ಯಾಮೆರಾ ಕಟ್ಟಿ ಬಿಟ್ಟಿದ್ದೇವೆ.

ಮೂರೂ ಸಲ ಬಲೂನು ಒಂದೇ ಬಗೆಯದು: 1200 ಗ್ರಾಮಿನ ಲೇಟೆಕ್ಸ್, ಕೆಳಗೆ ಪ್ಯಾರಾಚೂಟು, ಅದರ ಕೆಳಗೆ ಒಂದು ಕಿಲೋ ಆಸುಪಾಸಿನ ಥರ್ಮೋಕೋಲ್ ಪೆಟ್ಟಿಗೆ. ಬಿಡುವಾಗ ಆಳೆತ್ತರ ಇರುವ ಬಲೂನು 30 ಕಿ.ಮೀ. ದಾಟುವಷ್ಟರಲ್ಲಿ ಎಂಟು ಮೀಟರಿಗೂ ಹೆಚ್ಚು ಅಗಲಕ್ಕೆ ಹಿಗ್ಗಿ ಒಡೆಯುತ್ತದೆ. ಸೆಕೆಂಡಿಗೆ 5 ಮೀಟರಿನಂತೆ ಏರಲು ಹೆಚ್ಚೂಕಮ್ಮಿ ಎರಡು ಗಂಟೆ, ಇಳಿಯಲು ಅರ್ಧ ಮುಕ್ಕಾಲು ಗಂಟೆ. ನಾವು ಸಲಸಲಕ್ಕೂ ಬದಲಾಯಿಸಿದ್ದು ಬಿದ್ದದ್ದನ್ನು ಹುಡುಕುವ ಉಪಾಯವನ್ನು.

ಮೊದಲನೆಯದು ಹಳೇ ಮೊಬೈಲು. 2009ರಲ್ಲಿ ಎಂಐಟಿಯ ವಿದ್ಯಾರ್ಥಿಗಳು ಸುಮಾರು 150 ಡಾಲರಿನಲ್ಲಿ ಇದೇ ಥರ ಫೋನು, ಕ್ಯಾಮೆರಾ ಕಟ್ಟಿ 28 ಕಿ.ಮೀ. ಏರಿಸಿದ್ದನ್ನು ಓದಿ ನಮಗೂ ಹುಚ್ಚು ಹತ್ತಿತ್ತು. ಖರ್ಚಿಲ್ಲ, ಸಿಮ್ ಹಾಕಿ ಬಿಟ್ಟರಾಯಿತು ಅಂದುಕೊಂಡೆವು. ಏರಿ ಕೆಲವೇ ನಿಮಿಷಕ್ಕೆ ಫೋನು ಮೂಕವಾಯಿತು. ಟವರುಗಳ ಆಂಟೆನಾ ನೆಲದ ಕಡೆಗೆ ಬಾಗಿರುತ್ತವೆ, ಮೇಲಿರುವವನ ಗೊಡವೆ ಅವಕ್ಕಿಲ್ಲ. ಇಳಿದ ಮೇಲಾದರೂ ಮಾತಾಡೀತು ಎಂದು ಪೆಟ್ರೋಲ್ ಬಂಕಿನಲ್ಲಿ ಕೂತು ಮೂರು ಲೋಟ ಕಾಫಿ ಕುಡಿದೆವು. ಊಹೂಂ. ಅದು ಬಿದ್ದ ಹಳ್ಳದ ದಂಡೆಯಲ್ಲಿ ಸಿಗ್ನಲ್ಲೇ ಇರಲಿಲ್ಲ. ಹಾರುವ ಬಲೂನಿನಲ್ಲಿ ಸೆಲ್‌ಫೋನು ಬಳಸುವುದು ಅಮೆರಿಕದಲ್ಲಿ ನಿಯಮಬಾಹಿರ ಅನ್ನುವುದು ಆಮೇಲೆ ತಿಳಿಯಿತು. ನಮ್ಮ ದಡ್ಡತನಕ್ಕೆ ಅದೊಂದು ಕಿರೀಟ.

ಎರಡನೆಯದು ಅಂಗೈಯಗಲದ ಉಪಗ್ರಹ ಟ್ರ್ಯಾಕರ್. ಬೆಟ್ಟ ಹತ್ತುವವರು ಒಯ್ಯುವಂಥದ್ದು, ವರ್ಷದ ಚಂದಾ ಬೇರೆ. ಟವರಿನ ಹಂಗಿಲ್ಲ, ಲೈಸೆನ್ಸ್ ಬೇಡ. ಆದರೆ ಈ ಜಾತಿಯದ್ದು ಆರೇಳು ಕಿ.ಮೀ. ಮೇಲೆ ಕೆಲಸ ಮಾಡಲೆಂದು ಮಾಡಿದ್ದಲ್ಲ. ನಮ್ಮದು ಸುಮಾರು ಆ ಎತ್ತರದಲ್ಲಿ ಸುಮ್ಮನಾಗಿ, ಇಳಿಯುವಾಗ ಒಮ್ಮೆ ಉಸುರಿ, ಮತ್ತೆ ಸುಮ್ಮನಾಯಿತು. ಅದರ ಮುಖ ಆಕಾಶಕ್ಕಿರಬೇಕು, ನಮ್ಮ ಪೆಟ್ಟಿಗೆ ಬೋರಲು ಬಿದ್ದಿತ್ತು. ಕೊನೆಯ ಚುಕ್ಕಿ ಹಿಡಿದು ಗೋಧಿ ಕೊಯ್ದ ಹೊಲದಲ್ಲಿ ನಾಲ್ಕು ಗಂಟೆ ಸುತ್ತಿ, ಕಿತ್ತಳೆ ಬಣ್ಣದ ಪ್ಯಾರಾಚೂಟು ಕಂಡಿದ್ದರಿಂದ ಬದುಕಿದೆವು.

ಮೂರನೆಯದು ಹ್ಯಾಮ್ ರೇಡಿಯೊ, ಅಂದರೆ ಹವ್ಯಾಸಿಗಳ ರೇಡಿಯೊ; ಅದರಲ್ಲಿ ಇರುವ ಜಾಗ ತಿಳಿಸುತ್ತಾ ಹೋಗುವ ಎಪಿಆರ್‌ಎಸ್ ಎಂಬ ಪದ್ಧತಿ. ಇದರ ಲೈಸೆನ್ಸಿಗೆ ಪರೀಕ್ಷೆ ಬರೆಯಬೇಕು: 35 ಪ್ರಶ್ನೆ, 26 ಸರಿ ಬಂದರೆ ಪಾಸು. ವಾರಾಂತ್ಯಗಳಲ್ಲಿ ಓದಿದರೆ ಸಾಕಾಗುತ್ತದೆ. 144.39 ಮೆಗಾಹರ್ಟ್ಸ್‌ನಲ್ಲಿ ನಿಮಿಷಕ್ಕೊಮ್ಮೆ ಜಾಗ, ಎತ್ತರ ಹೇಳುತ್ತಾ ಹೋಗುತ್ತದೆ. ಎತ್ತರ ಏರಿದಷ್ಟೂ ದೂರದೂರದವರು ಕೇಳಿಸಿಕೊಂಡು ನಕ್ಷೆಗೆ ಹಾಕುತ್ತಾರೆ. ಫೋನು ಯಾವುದರಿಂದ ಕೆಟ್ಟಿತೋ ಅದೇ ಇಲ್ಲಿ ವರ. ನಮ್ಮ ಅದೃಷ್ಟ ನೋಡಿ, ಎತ್ತರ 12 ಕಿ.ಮೀ.ಗೆ ಬಂದು ನಿಂತುಬಿಟ್ಟಿತು. ಬಲೂನು ನಿಂತಿರಲಿಲ್ಲ. ಅದರಲ್ಲಿದ್ದ ಜಿಪಿಎಸ್ ಚಿಪ್ಪು ಮಾಮೂಲು ಸೆಟ್ಟಿಂಗಿನಲ್ಲಿ ಅಷ್ಟೇ ಎತ್ತರ ನಂಬುತ್ತದೆ. ವಿಮಾನದ ಸೆಟ್ಟಿಂಗಿಗೆ ಬದಲಾಯಿಸಿದರೆ 50 ಕಿ.ಮೀ.ವರೆಗೂ ಸರಿ. ಕೈಪಿಡಿಯಲ್ಲಿ ಇತ್ತು, ಓದಿರಲಿಲ್ಲ. ಪುಣ್ಯಕ್ಕೆ ಇಳಿಯುವಾಗ ಮತ್ತೆ ಬಾಯಿಬಿಟ್ಟಿತು. ನೆಲದಿಂದ ಮುನ್ನೂರು ಮೀಟರ್ ಎತ್ತರದಲ್ಲಿ ಕೊನೆಯ ಮಾತು. ಅದರ ಕೆಳಗೆ ದೂರದ ಸ್ಟೇಷನ್‌ಗಳಿಗೆ ಕೇಳಿಸದು, ನಮ್ಮ ಕಾರಿನಲ್ಲಿದ್ದ ರಿಸೀವರಿಗೆ ಕೇಳುತ್ತಲೇ ಇತ್ತು. ಇಪ್ಪತ್ತು ನಿಮಿಷಕ್ಕೆ ಪೆಟ್ಟಿಗೆ ಕೈಗೆ ಬಂತು.

ಒಂದಕ್ಕೇ ದುಡ್ಡಿದ್ದರೆ ಎಪಿಆರ್‌ಎಸ್. ಎರಡಕ್ಕಿದ್ದರೆ ಜೊತೆಗೆ ಉಪಗ್ರಹ ಟ್ರ್ಯಾಕರ್, ಹೇಗೆ ಬಿದ್ದರೂ ಮುಖ ಮೇಲಾಗುವಂತೆ ತಿರುಗುವ ಬಳೆಯೊಳಗೆ ಕೂರಿಸಿ. ಮೊಬೈಲು ಜೇಬಿನಲ್ಲೇ ಇರಲಿ.

ಕ್ಯಾಮೆರಾ ವಿಷಯದಲ್ಲಿ ನನಗೆ ಹಟವಿದೆ. ಎಲ್ಲರೂ ಆಕ್ಷನ್ ಕ್ಯಾಮೆರಾ ಹಾಕುತ್ತಾರೆ, ಗೆಳೆಯನೂ ಹಾಕಿದ. ವಿಡಿಯೊ ರೋಮಾಂಚಕ, ಬಲೂನು ಒಡೆಯುವ ಕ್ಷಣ ಅದರಲ್ಲೇ ಸಿಕ್ಕಿದ್ದು. ಆದರೆ ಅದರ ಅಗಲ ಲೆನ್ಸ್ ಭೂಮಿಯನ್ನು ಬೇಕಾಬಿಟ್ಟಿ ಬಗ್ಗಿಸುತ್ತದೆ. ಕ್ಷಿತಿಜ ಚಿತ್ರದ ಮೇಲ್ಭಾಗದಲ್ಲಿದ್ದರೆ ಚೆಂಡು, ಕೆಳಗಿದ್ದರೆ ಬಟ್ಟಲು! 30 ಕಿ.ಮೀ.ನಲ್ಲಿ ನಿಜವಾದ ಬಾಗು ಬಹಳ ನವಿರು. ನನ್ನ ಹಳೇ ಕ್ಯಾನನ್ ಎ ಸರಣಿಯ ಕ್ಯಾಮೆರಾಕ್ಕೆ ಸಿಎಚ್‌ಡಿಕೆ ಎಂಬ, ತಾನೇ ಕ್ಲಿಕ್ಕಿಸುವಂತೆ ಮಾಡುವ ತಂತ್ರಾಂಶ ಹಾಕಿ ಐದು ಸೆಕೆಂಡಿಗೊಂದು ಫೋಟೊ ಹೊಡೆಸಿದೆ. ಮೈನಸ್ 50 ಡಿಗ್ರಿಯ ಪದರ ದಾಟುವುದರಿಂದ ಲಿಥಿಯಂ ಎಎ ಸೆಲ್ಲೇ ಬೇಕು, ಆಲ್ಕಲೈನ್ ಅಲ್ಲಿ ಸತ್ತೇಹೋಗುತ್ತದೆ. ಅರ್ಧ ಫೋಟೊ ಮಸುಕು, ಕಾಲುಭಾಗ ಬರೀ ಕಪ್ಪು. ಉಳಿದವುಗಳಲ್ಲಿ ಹತ್ತು ಗೋಡೆಗೆ ತೂಗುಹಾಕುವಂಥವು. ಅಷ್ಟು ಎತ್ತರದಿಂದ ಕ್ಷಿತಿಜ ಸುಮಾರು 620 ಕಿ.ಮೀ. ದೂರ. ಬೆಂಗಳೂರಿನ ಮೇಲಿದ್ದರೆ ಮಂಗಳೂರಿನ ಕಡಲೂ ಚೆನ್ನೈನ ಕಡಲೂ ಒಂದೇ ಸುತ್ತಿನಲ್ಲಿ ಕಾಣಬೇಕು. ಹಾಗಂತ ಊರಿನಲ್ಲಿ ತಾರಸಿಯಿಂದ ಬಿಡಲು ಹೋಗಬೇಡಿ, ವಾಯುಸಂಚಾರದ ಅನುಮತಿ ಇಲ್ಲದೆ ಅಲ್ಲಿ ಆಗದು. ಹೊಸಕೋಟೆಯಿಂದ ಭಾರತೀಯ ಖಭೌತ ಸಂಸ್ಥೆಯವರು ಹಾರಿಸಿದ್ದಾರೆ, ಅದು ಸಂಸ್ಥೆಯ ಕೆಲಸ. ಇಲ್ಲಿ ಅಮೆರಿಕದಲ್ಲಿ ನಮ್ಮಂಥ ನಾಲ್ಕು ಪೌಂಡಿನೊಳಗಿನ ಹಗುರ ಪೆಟ್ಟಿಗೆಗೆ ಮುಂಗಡ ಅನುಮತಿ ಬೇಡ; ಆದರೂ ವಿಮಾನದವರಿಗೆ ಫೋನು ಮಾಡಿ ತಿಳಿಸುತ್ತೇವೆ.

ಅನಿಲ: ಹೀಲಿಯಂ. ಜಲಜನಕ ಅಗ್ಗ, ಎತ್ತುವ ಶಕ್ತಿಯೂ ಶೇ. 8ರಷ್ಟು ಹೆಚ್ಚು, ಆದರೆ ಬೆಂಕಿ ಹತ್ತುವಂಥದ್ದು. ಮನೆಯಲ್ಲಿ ಆ ಮಾತೆತ್ತಿದ ದಿನ ಊಟದ ಹೊತ್ತು ತೀರಾ ನಿಶ್ಶಬ್ದವಾಗಿತ್ತು.

ಮೊದಲ ಪೆಟ್ಟಿಗೆಯ ಕಥೆ ಬಾಕಿ. ಆಗಸ್ಟಿನಲ್ಲಿ ಬಿಟ್ಟಿದ್ದು, ಅಕ್ಟೋಬರಿನಲ್ಲಿ ಒಬ್ಬ ರೈತ ಫೋನು ಮಾಡಿದ. ಮೆಕ್ಕೆಜೋಳ ಕೊಯ್ಯಲು ಬಂದವನಿಗೆ ಹೊಲದಂಚಿನ ಹಳ್ಳದಲ್ಲಿ ಕಂಡಿತಂತೆ. ಪೆಟ್ಟಿಗೆಯ ಒಂದು ಮಗ್ಗುಲಿಗೆ ಮಾರ್ಕರಿನಲ್ಲಿ ನಂಬರು ಬರೆದಿದ್ದೆವು, ಅದೃಷ್ಟಕ್ಕೆ ಆ ಮಗ್ಗುಲೇ ಮೇಲಿತ್ತು. ಈಗ ಆರೂ ಮಗ್ಗುಲಿಗೆ ಬರೆಯುತ್ತೇವೆ.